ರೋಗಿಯ ಹಾಸಿಗೆಯ ಪಕ್ಕದಲ್ಲಿ ಧರ್ಮಸಭೆ



ಪ್ರತಿ ವರ್ಷ ಫೆಬ್ರವರಿ 11ರಂದು ನಾವು ಲೂರ್ದು ಮಾತೆಯ ಹಬ್ಬವನ್ನು ಆಚರಿಸುತ್ತೇವೆ. ಅದೇ ದಿನ ಧರ್ಮಸಭೆಯು ರೋಗಿಗಳ ವಿಶ್ವ ದಿನವನ್ನೂ ಆಚರಿಸುತ್ತದೆ. ಜಗದ್ಗುರು ಎರಡನೆಯ ಜಾನ್ ಪಾಲ್‌ರವರು 1992ರಲ್ಲಿ ಈ ದಿನವನ್ನು ಘೋಷಿಸಿದರು. ಮೊದಲ ಆಚರಣೆ 1993ರಲ್ಲಿ ಲೂರ್ದಿನಲ್ಲೇ ನಡೆಯಿತು. ಈ ಹಬ್ಬದ ಬಲಿಪೂಜೆಯಲ್ಲಿ ನಮ್ಮ ಮುಂದೆ ಕುಳಿತಿರುವವರು ಯಾರು? ಕಾಯಿಲೆಯಿಂದ ಬಳಲುತ್ತಿರುವವರು, ಅವರನ್ನು ನೋಡಿಕೊಂಡು ಸೋತವರು, ಮತ್ತು 2020–21ರ ಕೊರೋನ ಕಾಲದಲ್ಲಿ ತಮ್ಮವರ ಮುಖವನ್ನೂ ಕೊನೆಯ ಬಾರಿ ನೋಡಲಾಗದೆ ಮಣ್ಣಿಗೆ ಕೊಟ್ಟವರು. ಅವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇನ್ನೂ ಉಳಿದಿದೆ: ನಾವು ಅಷ್ಟು ಪ್ರಾರ್ಥಿಸಿದೆವಲ್ಲ, ದೇವರು ಎಲ್ಲಿದ್ದರು?

ಈ ಪ್ರಶ್ನೆ ಹೊಸದಲ್ಲ. ಧರ್ಮಸಭೆಯ ಎರಡು ಸಾವಿರ ವರ್ಷಗಳ ಚರಿತ್ರೆಯಲ್ಲಿ ಪಿಡುಗು ಬಂದಾಗಲೆಲ್ಲ ಜನ ಇದನ್ನು ಕೇಳಿದ್ದಾರೆ. ನಮ್ಮ ಪೂರ್ವಿಕರು ಏನು ಮಾಡಿದರು ಎಂಬುದನ್ನು ಸ್ವಲ್ಪ ಹಿಂತಿರುಗಿ ನೋಡೋಣ.

ಯಾರ ಪಾಪ?

ಮೊದಲು ನಮ್ಮ ಪ್ರಭುವಿನ ಮಾತಿಗೇ ಬರೋಣ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇವನು ಹೀಗೆ ಹುಟ್ಟಲು ಯಾರ ಪಾಪ ಕಾರಣ, ಇವನದೋ ಇವನ ತಂದೆತಾಯಿಗಳದೋ ಎಂದು ಕೇಳಿದರು. ಯಾರದೂ ಅಲ್ಲ ಎಂದು ಯೇಸುಸ್ವಾಮಿ ಉತ್ತರಿಸಿದರು. ಸಿಲೋವದ ಗೋಪುರ ಬಿದ್ದು 18 ಮಂದಿ ಸತ್ತಾಗಲೂ, ಸತ್ತವರು ಬದುಕಿದವರಿಗಿಂತ ದೊಡ್ಡ ಪಾಪಿಗಳೆಂದು ಎಣಿಸಬೇಡಿ ಎಂದೇ ಅವರು ಹೇಳಿದರು. ಆ ದುರಂತವನ್ನು ಕಂಡವರು ಸತ್ತವರ ಲೆಕ್ಕವನ್ನು ಬಿಟ್ಟು ತಮ್ಮ ಬಾಳನ್ನು ತಿದ್ದಿಕೊಳ್ಳಬೇಕೆಂದು ಎಚ್ಚರಿಸಿದರು.

ಇಷ್ಟು ಸ್ಪಷ್ಟವಾದ ಬೋಧನೆ ಇದ್ದರೂ ಕ್ರೈಸ್ತರು ಅದನ್ನು ಮರೆತ ಕಾಲಗಳಿವೆ. 1347ರಿಂದ ಯುರೋಪಿನಲ್ಲಿ ಹಬ್ಬಿದ ಮಹಾ ಪ್ಲೇಗಿನಲ್ಲಿ ಕೆಲವೇ ವರ್ಷಗಳಲ್ಲಿ ಜನಸಂಖ್ಯೆಯ ಮೂರನೆಯ ಒಂದು ಭಾಗವಾದರೂ ಅಳಿಯಿತು. ಭಯಗೊಂಡ ಜನ ಯೆಹೂದ್ಯರು ಬಾವಿಗಳಿಗೆ ವಿಷ ಹಾಕಿದ್ದಾರೆಂಬ ಗಾಳಿಮಾತನ್ನು ನಂಬಿದರು. ಅನೇಕ ಊರುಗಳಲ್ಲಿ ಅವರನ್ನು ಸುಟ್ಟು ಕೊಂದರು. ಅಂದಿನ ಜಗದ್ಗುರು ಆರನೆಯ ಕ್ಲೆಮೆಂಟರು 1348ರಲ್ಲಿ ಆಜ್ಞಾಪತ್ರಗಳನ್ನು ಹೊರಡಿಸಿ, ಈ ಆರೋಪ ಸುಳ್ಳು, ಯೆಹೂದ್ಯರೂ ಇದೇ ರೋಗದಿಂದ ಸಾಯುತ್ತಿದ್ದಾರೆ, ಅವರಿಲ್ಲದ ನಾಡುಗಳಲ್ಲೂ ರೋಗವಿದೆ ಎಂದು ವಾದಿಸಿದರು. ಆದರೆ ಅವರ ಮಾತನ್ನು ಕೇಳಿದವರು ಕಡಿಮೆ. ಇದು ನಮ್ಮ ಚರಿತ್ರೆಯ ನೋವಿನ ಪುಟ. ಇದನ್ನು ನಾವು ಮುಚ್ಚಿಡಬಾರದು. ಏಕೆಂದರೆ 2020ರಲ್ಲೂ ನಮ್ಮ ದೇಶದಲ್ಲಿ ರೋಗಕ್ಕೆ ಒಂದು ಸಮುದಾಯವನ್ನು ಹೊಣೆ ಮಾಡುವ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಆಸ್ಪತ್ರೆಯಲ್ಲಿ ದುಡಿದು ಬಂದ ದಾದಿಯರಿಗೆ ಬಾಡಿಗೆ ಮನೆ ಬಿಡಿ ಎಂದವರೂ ಇದ್ದರು. ಭಯಕ್ಕೆ ಯಾವಾಗಲೂ ಒಬ್ಬ ಅಪರಾಧಿ ಬೇಕು; ವಿಶ್ವಾಸಕ್ಕೆ ಬೇಕಾದವನು ಒಬ್ಬ ನೆರೆಯವನು.

ಓಡಿಹೋಗದವರು

ಕ್ರಿ.ಶ. 250ರ ಸುಮಾರಿಗೆ ರೋಮ್ ಸಾಮ್ರಾಜ್ಯದಲ್ಲಿ ಒಂದು ಭಾರಿ ಪಿಡುಗು ಎದ್ದಿತು. ಆಗ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಸಂತ ಸಿಪ್ರಿಯಾನರು ಧರ್ಮಾಧ್ಯಕ್ಷರಾಗಿದ್ದರು. ಚಕ್ರವರ್ತಿ ಡೇಸಿಯಸನ ಹಿಂಸೆಯಿಂದ ಕ್ರೈಸ್ತರು ಆಗತಾನೆ ಪಾರಾಗಿದ್ದರು. ತಮ್ಮನ್ನು ಹಿಡಿದುಕೊಟ್ಟ ನೆರೆಹೊರೆಯವರೇ ಈಗ ಬೀದಿಯಲ್ಲಿ ನರಳುತ್ತಿದ್ದಾರೆ. ಏನು ಮಾಡಬೇಕು? ಸಿಪ್ರಿಯಾನರು ಸಭೆಯನ್ನು ಕರೆದು, ನಮ್ಮವರನ್ನು ಮಾತ್ರ ನೋಡಿಕೊಂಡರೆ ಅದರಲ್ಲಿ ಹೆಚ್ಚೇನಿದೆ, ಶತ್ರುವಿಗೂ ಒಳ್ಳೆಯದನ್ನು ಮಾಡಿ ಎಂದು ಬೋಧಿಸಿದರು. ಹಣವಿದ್ದವರು ಹಣ ಕೊಟ್ಟರು, ಬಡವರು ತಮ್ಮ ದುಡಿಮೆಯನ್ನೇ ಕೊಟ್ಟರು ಎಂದು ಅವರ ಜೀವನಚರಿತ್ರೆ ಬರೆದ ಪೊಂಟಿಯಸ್ ದಾಖಲಿಸಿದ್ದಾನೆ. ಅವರು ಆಗ ಬರೆದ ಸಾವಿನ ಕುರಿತ ಪ್ರಬಂಧ ಇಂದಿಗೂ ಉಳಿದಿದೆ. ಕ್ರೈಸ್ತರಿಗೂ ರೋಗ ಏಕೆ ತಗಲುತ್ತದೆ ಎಂದು ಕಂಗಾಲಾದವರಿಗೆ, ಈ ದೇಹ ಎಲ್ಲರಿಗೂ ಒಂದೇ, ಅದರ ಕಷ್ಟವೂ ಒಂದೇ ಎಂದು ಅವರು ಅದರಲ್ಲಿ ತಿಳಿಸಿದ್ದಾರೆ. ಕ್ರೈಸ್ತನಾದ ಮಾತ್ರಕ್ಕೆ ಜ್ವರ ಬರುವುದಿಲ್ಲ ಎಂಬ ಭರವಸೆಯನ್ನು ಅವರು ಯಾರಿಗೂ ಕೊಡಲಿಲ್ಲ. 258ರಲ್ಲಿ ಅವರು ರಕ್ತಸಾಕ್ಷಿಯಾದರು.

ಇನ್ನೊಬ್ಬರನ್ನು ಮಂಗಳೂರಿನವರು ಚೆನ್ನಾಗಿ ಬಲ್ಲರು. ಸಂತ ಅಲೋಶಿಯಸ್ ಗೊನ್ಜಾಗ 1568ರಲ್ಲಿ ಇಟಲಿಯ ಒಂದು ಸಿರಿವಂತ ಪಾಳೆಯಗಾರ ಮನೆತನದಲ್ಲಿ ಹಿರಿಯ ಮಗನಾಗಿ ಹುಟ್ಟಿದರು. ಹಕ್ಕಿನ ಆಸ್ತಿಯನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟು 1585ರಲ್ಲಿ ಯೇಸುಸಭೆ ಸೇರಿದರು. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ, ಮೊದಲೇ ದುರ್ಬಲ ದೇಹದ ಈ ಯುವಕ ರೋಗಿಗಳ ಸೇವೆಗೆ ಇಳಿದರು. ಬೀದಿಯಲ್ಲಿ ಬಿದ್ದಿದ್ದವನೊಬ್ಬನನ್ನು ಹೊತ್ತು ಆಸ್ಪತ್ರೆಗೆ ತಂದರು. ರೋಗ ಅವರಿಗೂ ತಗಲಿತು. ಜೂನ್ 21ರಂದು, 23ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಮುಚ್ಚಿದ ಬಾಗಿಲು, ತೆರೆದ ಕಿಟಕಿ

2020ರ ಮಾರ್ಚಿನಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದಾಗ ನಮ್ಮಲ್ಲಿ ಅನೇಕರು ನೊಂದರು. ಪವಿತ್ರ ವಾರ ಜನರಿಲ್ಲದೆ ಕಳೆಯಿತು. ಏಪ್ರಿಲ್ 12ರ ಪಾಸ್ಖ ಹಬ್ಬವನ್ನು ಟಿವಿ, ಮೊಬೈಲುಗಳ ಮುಂದೆ ಕುಳಿತು ಆಚರಿಸಿದೆವು. ಲೂರ್ದಿನ ಗವಿಯೂ ಆ ಮಾರ್ಚಿನಲ್ಲಿ ಮುಚ್ಚಿತು. ವಿಶ್ವಾಸವಿದ್ದಿದ್ದರೆ ಮುಚ್ಚುತ್ತಿದ್ದರೇ ಎಂದು ಕೆಲವರು ಪ್ರಶ್ನಿಸಿದರು.

ಇದಕ್ಕೆ ಉತ್ತರ ಮಿಲಾನಿನ ಸಂತ ಚಾರ್ಲ್ಸ್ ಬೊರೊಮಿಯೊರವರ ಬಾಳಿನಲ್ಲಿದೆ. 1576ರಲ್ಲಿ ಆ ನಗರಕ್ಕೆ ಪ್ಲೇಗ್ ಬಂದಾಗ ರಾಜ್ಯಪಾಲನೂ ಶ್ರೀಮಂತರೂ ಊರು ಬಿಟ್ಟರು. ಮಹಾಧರ್ಮಾಧ್ಯಕ್ಷರಾದ ಚಾರ್ಲ್ಸರು ಅಲ್ಲೇ ಉಳಿದರು. ತಮ್ಮ ಅರಮನೆಯ ಪರದೆಗಳನ್ನು ಕತ್ತರಿಸಿ ಬಡವರಿಗೆ ಬಟ್ಟೆ ಹೊಲಿಸಿದರು. ಕೊರಳಿಗೆ ಹಗ್ಗ ಬಿಗಿದುಕೊಂಡು ಬರಿಗಾಲಿನಲ್ಲಿ ಪ್ರಾಯಶ್ಚಿತ್ತದ ಮೆರವಣಿಗೆಯಲ್ಲಿ ನಡೆದರು. ಆದರೆ ರೋಗ ಹೆಚ್ಚಿ ಜನ ಮನೆಯೊಳಗೇ ಇರಬೇಕೆಂಬ ಆಜ್ಞೆಯಾದಾಗ ಅವರು ಅದರ ವಿರುದ್ಧ ಹೋಗಲಿಲ್ಲ. ಬೀದಿಗಳು ಕೂಡುವೆಡೆಗಳಲ್ಲಿ ಬಲಿಪೀಠಗಳನ್ನು ಕಟ್ಟಿಸಿದರು. ಜನ ತಮ್ಮ ತಮ್ಮ ಕಿಟಕಿಗಳಲ್ಲಿ ನಿಂತು ಬಲಿಪೂಜೆಯಲ್ಲಿ ಭಾಗವಹಿಸಿದರು. ಬಾಗಿಲು ಮುಚ್ಚಿದ್ದೂ ನೆರೆಯವನ ಮೇಲಿನ ಪ್ರೀತಿಯಿಂದ, ಕಿಟಕಿ ತೆರೆದದ್ದೂ ದೇವರ ಮೇಲಿನ ಪ್ರೀತಿಯಿಂದ.

2020ರ ಮಾರ್ಚ್ 27ರ ಸಂಜೆಯನ್ನು ನೆನೆಯಿರಿ. ಸಂತ ಪೇತ್ರರ ಮಹಾದೇವಾಲಯದ ಅಂಗಳ ಬರಿದಾಗಿತ್ತು, ಮಳೆ ಸುರಿಯುತ್ತಿತ್ತು. ಜಗದ್ಗುರು ಫ್ರಾನ್ಸಿಸ್‌ರವರು ಒಬ್ಬರೇ ನಡೆದು ಬಂದು ಬಿರುಗಾಳಿಗೆ ಸಿಕ್ಕಿದ ದೋಣಿಯ ಶುಭಸಂದೇಶದ ಮೇಲೆ ಪ್ರಬೋಧಿಸಿದರು. ಅಂದು ಅಲ್ಲಿ ನಿಲ್ಲಿಸಿದ್ದ ಶಿಲುಬೆ ರೋಮಿನ ಸಾನ್ ಮಾರ್ಚೆಲ್ಲೊ ದೇವಾಲಯದ್ದು. 1519ರಲ್ಲಿ ಆ ದೇವಾಲಯ ಬೆಂಕಿಗೆ ಆಹುತಿಯಾದಾಗ ಈ ಶಿಲುಬೆ ಮಾತ್ರ ಉಳಿಯಿತು. 1522ರ ಪ್ಲೇಗಿನಲ್ಲಿ ಜನ ಅದನ್ನು 16 ದಿನ ನಗರದ ಬೀದಿಬೀದಿಗಳಲ್ಲಿ ಮೆರವಣಿಗೆ ಮಾಡಿದರು. ಅಂದು ಅದರ ಸುತ್ತ ಜನಸಾಗರ. 2020ರಲ್ಲಿ ಅದರ ಮುಂದೆ ಒಬ್ಬ ವೃದ್ಧರು ಮಾತ್ರ. 1522ರ ಜನರಿಗೆ ರೋಗ ಹೇಗೆ ಹರಡುತ್ತದೆಂದು ಗೊತ್ತಿರಲಿಲ್ಲ. ಪ್ಲೇಗಿನ ಸೂಕ್ಷ್ಮಾಣು ಪತ್ತೆಯಾದದ್ದೇ 1894ರಲ್ಲಿ. ನಮಗೆ ಗೊತ್ತಿತ್ತು. ತಿಳಿವಳಿಕೆ ಬಂದ ಮೇಲೆ ಅದರಂತೆ ನಡೆಯುವುದೂ ದೇವರಿಗೆ ಸಲ್ಲಿಸುವ ವಿಧೇಯತೆಯೇ. 2025ರಲ್ಲಿ ನಮ್ಮನ್ನಗಲಿದ ಆ ಜಗದ್ಗುರುಗಳು ಅಂದು ಬರಿದಾದ ಅಂಗಳದಲ್ಲಿ ನಿಂತೇ ಇಡೀ ಲೋಕಕ್ಕಾಗಿ ಪ್ರಾರ್ಥಿಸಿದರು.

ನಮ್ಮ ನಾಡಿನಲ್ಲಿ

ಪ್ಲೇಗ್ ನಮ್ಮ ನಾಡಿಗೂ ಬಂದಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು 1898ರಲ್ಲಿ ಬೆಂಗಳೂರು ಮುಟ್ಟಿತು. ಮನೆಯಲ್ಲಿ ಇಲಿ ಬಿದ್ದರೆ ಊರೇ ಖಾಲಿಯಾಗಿ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಇಂದಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡದ್ದು ಆ ಕಾಲದಲ್ಲೇ. ಪ್ಲೇಗ್ ಬರುವುದಕ್ಕೆ ಹನ್ನೆರಡು ವರ್ಷ ಮೊದಲು, 1886ರಲ್ಲಿ, ಗುಡ್ ಶೆಫರ್ಡ್ ಸಭೆಯ ಭಗಿನಿಯರು ಬೆಂಗಳೂರಿನಲ್ಲಿ ಸಂತ ಮಾರ್ತಳ ಆಸ್ಪತ್ರೆಯನ್ನು ಆರಂಭಿಸಿದ್ದರು.

ಮಂಗಳೂರಿಗೆ 1878ರ ಡಿಸೆಂಬರ್ 31ರಂದು ಬಂದಿಳಿದ ಯೇಸುಸಭೆಯ ಗುರುಗಳಲ್ಲಿ ಜರ್ಮನಿಯ ಫಾದರ್ ಅಗಸ್ಟಸ್ ಮುಲ್ಲರ್ ಒಬ್ಬರು. ಶಾಲೆಯಲ್ಲಿ ಪಾಠ ಹೇಳಲು ಬಂದ ಅವರು 1880ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಬಡವರಿಗೆ ಹೋಮಿಯೋಪತಿ ಔಷಧ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. 1902ರಲ್ಲಿ ಪ್ಲೇಗ್ ರೋಗಿಗಳಿಗಾಗಿ ಆಸ್ಪತ್ರೆ ತೆರೆದರು. 1899ರಿಂದ 1901ರವರೆಗೆ ಬ್ರದರ್ ಅಂತೋನಿಯೊ ಮೊಸ್ಕೆನಿಯವರು ಅದೇ ಊರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ, ಚಾವಣಿಗಳಲ್ಲಿ ಚಿತ್ರ ಬರೆಯುತ್ತಿದ್ದರು. ರೋಗಿಗಳ ಸೇವೆ ಮಾಡುತ್ತಿರುವ ಅಲೋಶಿಯಸರೂ ಆ ಚಾವಣಿಯಲ್ಲಿದ್ದಾರೆ. ಬಣ್ಣ ಒಣಗಿ ಹೆಚ್ಚು ದಿನವಾಗುವ ಮೊದಲೇ ಕಂಕನಾಡಿಯಲ್ಲಿ ಅದೇ ಸೇವೆ ನಿಜವಾಗಿ ನಡೆಯತೊಡಗಿತು. ಚಾವಣಿಯಲ್ಲಿ ನೋಡಿದ್ದನ್ನು ನೆಲದ ಮೇಲೆ ಮಾಡುವುದೇ ಸಂತರಿಗೆ ಸಲ್ಲಿಸುವ ಗೌರವ.

ಗುಣವಾಗದವರ ಹಬ್ಬ

ಕೊನೆಗೆ ಮತ್ತೆ ಲೂರ್ದಿಗೆ ಬರೋಣ. 1858ರಲ್ಲಿ ಮಾತೆ ಮರಿಯಮ್ಮನವರ 18 ದರ್ಶನಗಳನ್ನು ಪಡೆದ ಬರ್ನದೆತ್ತಳು ಬಾಲ್ಯದಲ್ಲೇ ಕಾಲರಾ ತಗಲಿ ಬದುಕುಳಿದವಳು, ಉಬ್ಬಸದಿಂದ ನರಳಿದವಳು. ಅವಳ ಕೈಯಿಂದಲೇ ಚಿಮ್ಮಿದ ಒರತೆಯ ನೀರಿನಿಂದ ಬೇರೆಯವರು ಗುಣವಾದರು, ಅವಳು ಗುಣವಾಗಲಿಲ್ಲ. 1879ರಲ್ಲಿ, 35ನೆಯ ವಯಸ್ಸಿನಲ್ಲಿ, ಕಾಯಿಲೆಯಲ್ಲೇ ತೀರಿಕೊಂಡಳು. ಲೂರ್ದಿನಲ್ಲಿ 1883ರಿಂದ ವೈದ್ಯರ ಕಚೇರಿಯೊಂದು ಗುಣವಾದೆವು ಎಂದವರನ್ನು ಪರೀಕ್ಷಿಸುತ್ತಿದೆ. ಅಲ್ಲಿ ದಾಖಲಾದವರು ಸಾವಿರಾರು ಮಂದಿ. ಧರ್ಮಸಭೆ ಅದ್ಭುತವೆಂದು ಒಪ್ಪಿದ್ದು ಎಪ್ಪತ್ತರ ಆಸುಪಾಸಿನಷ್ಟು ಮಾತ್ರ. ಅಂದರೆ ಲೂರ್ದಿಗೆ ಹೋದ ರೋಗಿಗಳಲ್ಲಿ ಬಹುಪಾಲು ಜನ ರೋಗಿಗಳಾಗಿಯೇ ಹಿಂತಿರುಗಿದ್ದಾರೆ. ಆದರೂ ಅವರು ಮತ್ತೆ ಹೋಗುತ್ತಾರೆ. ಯಾಕೆ? ಅಲ್ಲಿ ರೋಗಿಯನ್ನು ಮೂಲೆಗೆ ತಳ್ಳುವುದಿಲ್ಲ, ಅವನ ಗಾಲಿಕುರ್ಚಿಗೇ ಮುಂದಿನ ಸಾಲು.

ದೇವರು ಎಲ್ಲಿದ್ದರು ಎಂಬ ಪ್ರಶ್ನೆಗೆ ಚರಿತ್ರೆ ಕೊಡುವ ಉತ್ತರ ಇಷ್ಟೇ: ಕಾರ್ಥೇಜಿನ ಬೀದಿಯಲ್ಲಿ, ರೋಮಿನ ಯುವಕನ ಬೆನ್ನ ಮೇಲಿದ್ದ ರೋಗಿಯಲ್ಲಿ, ಮಿಲಾನಿನ ಕಿಟಕಿಗಳ ಹಿಂದೆ, ಕಂಕನಾಡಿಯ ಆಲದ ಮರದ ಕೆಳಗೆ. ಇದು ತಾಯಿಯನ್ನು ಕಳೆದುಕೊಂಡ ಮಗನ ನೋವನ್ನು ಅಳಿಸುವುದಿಲ್ಲ. ಶಿಲುಬೆಯ ಮೇಲೆ ನಮ್ಮ ಪ್ರಭುವೂ ತಂದೆಯನ್ನು ಯಾಕೆ ಎಂದು ಕೇಳಿದರು, ಕೇಳುವುದು ಅವಿಶ್ವಾಸವಲ್ಲ.

ಆದುದರಿಂದ ಈ ಫೆಬ್ರವರಿ 11ರಂದು ನಾವು ಎರಡು ಕೆಲಸ ಮಾಡೋಣ. ನಮ್ಮ ವಾಳೆಯಲ್ಲಿ ಹಾಸಿಗೆ ಹಿಡಿದಿರುವ ಒಬ್ಬರ ಮನೆಗೆ ಹೋಗಿ, ಉಪದೇಶ ಮಾಡದೆ, ಅರ್ಧ ಗಂಟೆ ಜೊತೆಯಲ್ಲಿ ಕುಳಿತುಕೊಳ್ಳೋಣ. ಅವರನ್ನು ನೋಡಿಕೊಳ್ಳುವವರಿಗೆ ಅಷ್ಟು ಹೊತ್ತು ಬಿಡುವು ಸಿಗಲಿ. ಹಾಗೆಯೇ 2020–21ರಲ್ಲಿ ನಾವು ಸರಿಯಾಗಿ ಬೀಳ್ಕೊಡಲಾಗದೆ ಮಣ್ಣಿಗಿಟ್ಟ ನಮ್ಮ ಧರ್ಮಕೇಂದ್ರದವರ ಹೆಸರುಗಳನ್ನು ಬಲಿಪೂಜೆಯಲ್ಲಿ ಒಂದೊಂದಾಗಿ ಗಟ್ಟಿಯಾಗಿ ಓದಿಸೋಣ. ಅಂದು ಸಮಾಧಿಯ ಬಳಿ ನಿಲ್ಲಲು ಆಗದಿದ್ದ ನಾವು ಇಂದು ಅವರಿಗಾಗಿ ಎದ್ದು ನಿಲ್ಲಬಹುದು. ರೋಗಿಗಳ ಆರೋಗ್ಯಮಾತೆಯಾದ ಮರಿಯಮ್ಮನವರು ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ. ಆಮೆನ್.