ಹೊಗೆಯಿಲ್ಲದ ಬೆಂಕಿ: ಹೆಪ್ಪುಗಟ್ಟಿದ ಕೆರೆಯ ಮೇಲಿನ ಗುಡಿಸಲುಗಳ ಕಥೆ

ಮಿನ್ನೆಸೊಟಾಕ್ಕೆ ಬಂದ ಕನ್ನಡಿಗರು ಮೊದಲ ಚಳಿಗಾಲದಲ್ಲಿ ನಿಂತು ನೋಡುವ ಸಂಗತಿಗಳಲ್ಲಿ ಒಂದೆಂದರೆ ನೀರಿನ ಮೇಲೆ ಎದ್ದ ಊರು. ಬೇಸಿಗೆಯಲ್ಲಿ ದೋಣಿ ಓಡಾಡಿದ ಮಿಲ್ ಲ್ಯಾಕ್ಸ್, ಲೇಕ್ ಆಫ್ ದ ವುಡ್ಸ್, ಅಪ್ಪರ್ ರೆಡ್ ಲೇಕ್‌ಗಳ ಮೇಲೆ ಜನವರಿಯ ಹೊತ್ತಿಗೆ ಗುಡಿಸಲುಗಳು ಸಾಲುಗಟ್ಟಿರುತ್ತವೆ. ಮಂಜುಗಡ್ಡೆಯಲ್ಲಿ ತೂತು ಕೊರೆದು, ಗಾಳ ಇಳಿಬಿಟ್ಟು, ವಾಲ್‌ಐ ಮೀನಿಗಾಗಿ ಕಾಯುವವರ ಮನೆಗಳು ಅವು. ಇಲ್ಲಿಯವರು ಅವನ್ನು ಫಿಶ್ ಹೌಸ್ ಎನ್ನುತ್ತಾರೆ. ನಮ್ಮ ಕೂಟದ ಎರಡನೆಯ ತಲೆಮಾರಿನವರೂ ಈಗ ವಾರಾಂತ್ಯಕ್ಕೆ ಇಂಥದ್ದನ್ನು ಬಾಡಿಗೆಗೆ ಹಿಡಿದು ರಾತ್ರಿ ಅಲ್ಲೇ ಮಲಗುತ್ತಾರೆ. ಅವರ ತಂದೆತಾಯಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: “ಡಾಕ್ಟ್ರೇ, ಮಂಜುಗಡ್ಡೆ ಒಡೆದರೆ ಏನು ಗತಿ?” ಅದು ಕೇಳಬೇಕಾದದ್ದೇ. ಆದರೆ ಒಳಗೆ ಉರಿಯುತ್ತಿರುವುದು ಏನು, ಅದರ ಉಸಿರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಈ ಲೇಖನ ಆ ಎರಡನೆಯ ಪ್ರಶ್ನೆಯ ಚರಿತ್ರೆ.

ಈ ಕೆರೆಗಳ ಮೇಲೆ ಮೊದಲು ಮೀನು ಹಿಡಿದವರು ಒಜಿಬ್ವೆ ಮತ್ತು ಡಕೋಟಾ ಜನ. ತೂತಿನ ಪಕ್ಕದಲ್ಲಿ ಮಂಜುಗಡ್ಡೆಯ ಮೇಲೆ ಬೋರಲು ಮಲಗಿ, ತಲೆಯ ಮೇಲೆ ಕಂಬಳಿಯನ್ನೋ ತೊಗಲನ್ನೋ ಹೊದ್ದುಕೊಂಡು, ಮರದಲ್ಲಿ ಕೆತ್ತಿದ ಹುಸಿಮೀನನ್ನು ನೀರಲ್ಲಿ ಆಡಿಸುತ್ತ ಈಟಿ ಹಿಡಿದು ಕಾಯುತ್ತಿದ್ದರು. ಹೊದಿಕೆ ಇದ್ದದ್ದು ಬೆಚ್ಚಗಿರುವುದಕ್ಕಿಂತ ಹೆಚ್ಚಾಗಿ ಕತ್ತಲೆಗೆ: ಮೇಲೆ ಕತ್ತಲಾದರೆ ಕೆಳಗಿನ ನೀರು ತಿಳಿಯಾಗಿ ಕಾಣುತ್ತದೆ. ಬೆಂಕಿಗೆ ಅಲ್ಲಿ ಜಾಗವೇ ಇರಲಿಲ್ಲ. ಮುಂದೆ ಬಿಳಿಯ ವಲಸಿಗರು ಹಲಗೆಯ ಶೆಡ್ಡುಗಳನ್ನು ಕಟ್ಟಿ, ತಗಡಿನ ಸಣ್ಣ ಒಲೆ ಇಟ್ಟು, ಹೊಗೆ ಕೊಳವೆಯನ್ನು ಮಾಡಿನಿಂದ ಹೊರಕ್ಕೆ ತೆಗೆದರು. ಹಲಗೆಗಳ ಸಂದಿಯಲ್ಲಿ ಗಾಳಿ ನುಗ್ಗುತ್ತಿತ್ತು, ಬೆನ್ನು ಕೊರೆಯುತ್ತಿತ್ತು, ಮುಖ ಸುಡುತ್ತಿತ್ತು. ಒಲೆ ಸರಿಯಾಗಿ ಎಳೆಯದಿದ್ದರೆ ಹೊಗೆ ಕಣ್ಣಿಗೆ ಹೊಡೆದು ಕೆಮ್ಮು ಬರುತ್ತಿತ್ತು, ಬೈದುಕೊಂಡಾದರೂ ಬಾಗಿಲು ತೆಗೆಯುತ್ತಿದ್ದರು. ನನ್ನ ಲೆಕ್ಕದಲ್ಲಿ ಆ ಹಳೆಯ ಶೆಡ್ಡಿನ ದೊಡ್ಡ ಗುಣ ಅದರ ಬಿರುಕುಗಳೇ.

ಬಿರುಕು ಮುಚ್ಚಿದರೆ ಏನಾಗುತ್ತದೆ ಎಂಬುದು ಆ ಹೊತ್ತಿಗಾಗಲೇ ಹಳೆಯ ಸುದ್ದಿ. 1596ರಲ್ಲಿ ಡಚ್ ನಾವಿಕ ವಿಲೆಮ್ ಬ್ಯಾರೆಂಟ್ಸ್‌ನ ಹಡಗು ಉತ್ತರ ಧ್ರುವದತ್ತಣ ನೊವಾಯಾ ಜೆಮ್ಲ್ಯಾ ದ್ವೀಪದ ಬಳಿ ಹಿಮದಲ್ಲಿ ಸಿಕ್ಕಿಬಿತ್ತು. ತೇಲಿಬಂದ ಮರ, ಹಡಗಿನ ಹಲಗೆಗಳಿಂದ ಅವರು ಒಂದು ಮನೆ ಕಟ್ಟಿಕೊಂಡರು. ಡಿಸೆಂಬರ್ 7ರಂದು ಚಳಿ ತಡೆಯಲಾರದೆ ಹಡಗಿನಿಂದ ಕಲ್ಲಿದ್ದಲು ತಂದು ಉರಿಸಿದರು. ಹಿತವಾದ ಬಿಸಿ. ಅದು ಪೋಲಾಗದಿರಲೆಂದು ಬಾಗಿಲನ್ನೂ ಹೊಗೆಗಂಡಿಯನ್ನೂ ಮುಚ್ಚಿ, ಮಲಗಿಕೊಂಡು ಹರಟುತ್ತಿದ್ದಾಗ ತಲೆ ಸುತ್ತತೊಡಗಿತು. ಮೊದಲು ಗೊತ್ತಾದದ್ದು ಅವರಲ್ಲಿ ಕಾಯಿಲೆ ಬಿದ್ದಿದ್ದ ಒಬ್ಬನಿಗೆ. ಬಾಗಿಲು ತೆಗೆಯಲು ಹೋದವನು ಹೊರಗೆ ಹಿಮದ ಮೇಲೆಯೇ ಮೂರ್ಛೆ ಬಿದ್ದ. ದಿನಚರಿ ಬರೆದಿಟ್ಟ ಗೆರಿಟ್ ಡಿ ವೀರ್ ಅವನ ಮುಖಕ್ಕೆ ವಿನೆಗರ್ ಹಚ್ಚಿ ಎಬ್ಬಿಸಿದ. ಅಲ್ಲಿಯವರೆಗೆ ಶತ್ರುವಾಗಿದ್ದ ಚಳಿಯೇ ಅಂದು ತಮ್ಮನ್ನು ಉಳಿಸಿತೆಂದು ಅವನು ಬರೆದಿದ್ದಾನೆ. ನಾಲ್ಕು ಶತಮಾನದ ಹಿಂದಿನ ಈ ವಿವರಣೆಗೆ ವೈದ್ಯನಾಗಿ ನಾನು ಸೇರಿಸಬೇಕಾದದ್ದು ಹೆಚ್ಚಿಲ್ಲ.

ಸೇರಿಸಬೇಕಾದದ್ದು ಕಾರಣ ಮಾತ್ರ. 1850ರ ದಶಕದಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಅದನ್ನು ಹಿಡಿದ. ಅರೆಬೆಂದ ಇಂಧನದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕದ ಪೀಠವನ್ನೇ ಆಕ್ರಮಿಸಿ ಕೂತುಬಿಡುತ್ತದೆ. ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇದರ ಮೇಲಿನ ಸೆಳೆತ ಇನ್ನೂರು ಪಟ್ಟಿಗೂ ಹೆಚ್ಚು. 1895ರಲ್ಲಿ ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಈ ಅನಿಲವನ್ನು ತಾನೇ ಉಸಿರಾಡಿ, ತನ್ನ ಹಿಮೋಗ್ಲೋಬಿನ್ನಿನ ಸುಮಾರು ಅರ್ಧಭಾಗ ಅದರ ವಶವಾಗುವವರೆಗೂ ಕೂತು ಲಕ್ಷಣಗಳನ್ನು ಬರೆದುಕೊಂಡ. ಮರುವರ್ಷ, ಕಲ್ಲಿದ್ದಲ ಗಣಿಗಳಲ್ಲಿ ಸ್ಫೋಟದ ನಂತರ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಸ್ಫೋಟವಲ್ಲ, ಈ ಅನಿಲ ಎಂದು ತೋರಿಸಿದ. ಮನುಷ್ಯನಿಗಿಂತ ಬೇಗ ಕುಸಿಯುವ ಪುಟ್ಟ ಪ್ರಾಣಿಯನ್ನು ಗಣಿಗೆ ಒಯ್ಯಿರೆಂಬ ಸಲಹೆ ಅವನದೇ. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳು 1986ರವರೆಗೂ ಕೆಲಸದಲ್ಲಿದ್ದವು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ. ತಲೆನೋವು, ವಾಕರಿಕೆ, ಮಂಕು: ಇಷ್ಟೇ. ಮೀನು ಹಿಡಿಯುವವರ ಕೈಯಲ್ಲಿ ಬಿಯರ್ ಕ್ಯಾನೂ ಇದ್ದರೆ ಆ ಮಂಕಿಗೆ ಬೇರೆಯೇ ಕಾರಣ ಕಟ್ಟಿಬಿಡುತ್ತಾರೆ.

ಹಾಗಾದರೆ ಕೊಳವೆ ಹಾಕಿದರೆ ಸಾಕೇ? ಅದಕ್ಕೆ ಉತ್ತರ 1934ರಲ್ಲಿ ಸಿಕ್ಕಿತು. ಅಮೆರಿಕದ ರಿಚರ್ಡ್ ಬರ್ಡ್ ಆ ಚಳಿಗಾಲವನ್ನು ಅಂಟಾರ್ಕ್ಟಿಕಾದ ಹಿಮಹಾಸಿನಲ್ಲಿ ಹೂತಿಟ್ಟ ಪುಟ್ಟ ಕೋಣೆಯೊಂದರಲ್ಲಿ ಒಬ್ಬನೇ ಕಳೆದ. ಒಲೆಗೆ ಕೊಳವೆ ಇತ್ತು. ಆದರೆ ಅದರ ಕೀಲುಗಳು ಸಡಿಲ, ಮೇಲಿನ ಬಾಯಿಗೆ ಮಂಜು ಕಟ್ಟಿಕೊಳ್ಳುತ್ತಿತ್ತು. ರೇಡಿಯೋಗೆ ವಿದ್ಯುತ್ ಕೊಡುವ ಪೆಟ್ರೋಲ್ ಜನರೇಟರ್ ಪಕ್ಕದ ಹಿಮದ ಸುರಂಗದಲ್ಲೇ ಇತ್ತು. ಮೇ ಕೊನೆಯಲ್ಲಿ ಅವನು ಕುಸಿದುಬಿದ್ದ. ಒಲೆ ಹಚ್ಚಿದರೆ ವಿಷ, ಆರಿಸಿದರೆ ಚಳಿ. ಕತ್ತಲ ಚಳಿಗಾಲದಲ್ಲಿ ತನಗಾಗಿ ಬೇರೆಯವರು ಪ್ರಾಣ ಪಣಕ್ಕಿಡಬಾರದೆಂದು ಮೂಲಶಿಬಿರಕ್ಕೆ ಅದನ್ನು ತಿಳಿಸಲೂ ಇಲ್ಲ. ಅವನ ರೇಡಿಯೋ ಸಂದೇಶಗಳು ಎಡವತೊಡಗಿದ್ದನ್ನು ಗಮನಿಸಿ, ಆಗಸ್ಟಿನಲ್ಲಿ ಮೂವರು ಬಂದು ತಲುಪಿದರು. ಅದನ್ನೆಲ್ಲ ಅವನು ಮುಂದೆ ಪುಸ್ತಕವಾಗಿ ಬರೆದ. ಹೊಗೆ ಕೊಳವೆ ಇರುವುದು ಬೇರೆ, ಅದು ತೆರೆದಿರುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಮಿನ್ನೆಸೊಟಾದ ಕೆರೆಗಳ ಮೇಲೆ ನಿಜವಾದ ಬದಲಾವಣೆ ತಂದದ್ದು ಪ್ರೊಪೇನ್. ಸೌದೆ ಹೊರುವ ಕಷ್ಟವಿಲ್ಲ, ಬೂದಿಯಿಲ್ಲ, ಹೊಗೆಯಿಲ್ಲ. ಸಿಲಿಂಡರ್ ತಲೆಯ ಮೇಲೆ ಕೂರಿಸುವ ಸೂರ್ಯಕಾಂತಿ ಹೂವಿನಾಕಾರದ ಹೀಟರುಗಳು ಬಂದವು. 1980ರ ಸುಮಾರಿಗೆ ಡೇವ್ ಗೆಂಜ್ ಎಂಬ ಮಿನ್ನೆಸೊಟಾದ ಮೀನುಗಾರ ಮಡಚಿ ಎಳೆದೊಯ್ಯುವ ಬಟ್ಟೆಯ ಡೇರೆಯನ್ನು ರೂಪಿಸಿದ ಮೇಲೆ ಗುಡಿಸಲೂ ಹಗುರವಾಯಿತು. ಆಮೇಲಿನ ಡೇರೆಗಳಿಗೆ ಹತ್ತಿ ತುಂಬಿದ ಕೌದಿಯಂಥ ದಪ್ಪ ಗೋಡೆ ಬಂತು, ಗಾಳಿ ನುಗ್ಗದಂತೆ ಸುತ್ತ ಹಿಮ ಒತ್ತುವ ಅಂಚು ಬಂತು. ಒಂದು ಕಡೆ ಹೊಗೆ ಹೋಯಿತು, ಇನ್ನೊಂದು ಕಡೆ ಬಿರುಕು ಹೋಯಿತು. ಹಳೆಯ ಶೆಡ್ಡಿನಲ್ಲಿ ಮನುಷ್ಯನನ್ನು ಎಚ್ಚರಿಸುತ್ತಿದ್ದ ಎರಡೂ ಒಟ್ಟಿಗೇ ಹೋದವು.

ಲೆಕ್ಕ ಹಾಕಿ ನೋಡಿ. ಗಂಟೆಗೆ 9000 ಬಿಟಿಯು ಶಾಖ ಕೊಡುವ ಸಾಮಾನ್ಯ ಹೀಟರ್ ಸುಮಾರು 190 ಗ್ರಾಂ ಪ್ರೊಪೇನ್ ಸುಟ್ಟು, ಸುಮಾರು 700 ಗ್ರಾಂ ಆಮ್ಲಜನಕ ನುಂಗುತ್ತದೆ. ಒಂಬತ್ತು ಘನ ಮೀಟರಿನ ಗುಡಿಸಲು ಗಾಳಿಯಾಡದಂತೆ ಪೂರ್ತಿ ಮುಚ್ಚಿದ್ದರೆ, ಒಳಗಿನ ಆಮ್ಲಜನಕ ಶೇಕಡಾ 21ರಿಂದ 18ಕ್ಕೆ ಇಳಿಯಲು ಅರ್ಧ ಗಂಟೆ ಸಾಕು. ಜೊತೆಗೆ ಗಂಟೆಗೆ 300 ಗ್ರಾಂ ನೀರಾವಿ. ಅದೇ ಗೋಡೆಯಲ್ಲಿ ಬೆವರಾಗಿ ಇಳಿದು, ಗಾಳಿಗಂಡಿಯ ಬಾಯಲ್ಲಿ ಮಂಜಾಗಿ ಕಟ್ಟಿಕೊಳ್ಳುತ್ತದೆ. ಬರ್ಡ್‌ನ ಕೊಳವೆ ನೆನಪಾಗಬೇಕು. ಸಂಜೆ ತೆರೆದಿದ್ದ ಗಂಡಿ ಬೆಳಗಿನ ಜಾವಕ್ಕೆ ತಾನಾಗಿ ಮುಚ್ಚಿರಬಹುದು.

ಇದಕ್ಕೆ ಪರಿಹಾರವೆಂದು ಅಮೆರಿಕದಲ್ಲಿ 1980ರ ದಶಕದ ಆರಂಭದಿಂದ, ಕೊಳವೆಯಿಲ್ಲದ ಮನೆಬಳಕೆಯ ಗ್ಯಾಸ್ ಹೀಟರುಗಳಲ್ಲಿ ಆಮ್ಲಜನಕದ ಕೊರತೆಯನ್ನು ಗುರುತಿಸುವ ಸಾಧನ ಕಡ್ಡಾಯವಾಯಿತು. ಅದೇ ಸಾಧನ ಈಗ ಮೀನುಗಾರರು ಒಯ್ಯುವ ಅನೇಕ ಸಣ್ಣ ಹೀಟರುಗಳಲ್ಲೂ ಇದೆ. ಬಹಳ ಸರಳವಾದ ಜಾಣ್ಮೆ ಅದು. ಒಂದು ಪುಟ್ಟ ಜ್ವಾಲೆ ಉಷ್ಣತೆ ಅಳೆಯುವ ಕಡ್ಡಿಯನ್ನು ಸದಾ ಕಾಯಿಸುತ್ತಿರುತ್ತದೆ. ಆಮ್ಲಜನಕ ಶೇಕಡಾ 18ರ ಆಸುಪಾಸಿಗೆ ಇಳಿದರೆ ಜ್ವಾಲೆ ಕಡ್ಡಿಯಿಂದ ದೂರ ಸರಿಯುತ್ತದೆ, ಕಡ್ಡಿ ತಣ್ಣಗಾಗುತ್ತದೆ, ಗ್ಯಾಸ್ ನಿಲ್ಲುತ್ತದೆ. ಇದು ಎಷ್ಟೋ ಜೀವ ಉಳಿಸಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ನೋಡುವುದು ಆಮ್ಲಜನಕವನ್ನು, ಕಾರ್ಬನ್ ಮಾನಾಕ್ಸೈಡನ್ನಲ್ಲ. ಧೂಳು ಕಟ್ಟಿದ ಬರ್ನರ್ ಆಮ್ಲಜನಕ ಸಾಕಷ್ಟಿರುವಾಗಲೇ ವಿಷ ಕಕ್ಕಬಲ್ಲದು, ಜ್ವಾಲೆ ಮಿಸುಕುವುದಿಲ್ಲ. ಅಂಗಡಿಯವರು “ಆಟೋಮ್ಯಾಟಿಕ್ ಆಗಿ ಆಫ್ ಆಗುತ್ತೆ” ಎಂದದ್ದನ್ನು ನಂಬಿ ನಿದ್ದೆ ಹೋಗುವವರು ಈ ವ್ಯತ್ಯಾಸವನ್ನು ತಿಳಿದಿರಬೇಕು.

ಇದನ್ನು ಹೊರದೇಶದ ಚಳಿಯ ಕಥೆ ಎಂದು ಬದಿಗಿಡಬೇಡಿ. ನಮ್ಮ ಅಜ್ಜಿಯರು ಬಾಣಂತಿಯ ಕೋಣೆಯಲ್ಲಿ ಕಿಟಕಿ ಮುಚ್ಚಿ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡಿಸುತ್ತಿದ್ದರು. ಹೆಂಚಿನ ಮಾಡಿನ ಸಂದಿಗಳು ತಾಯಿ ಮಗುವನ್ನು ಕಾಯುತ್ತಿದ್ದವು. ಬೆಂಗಳೂರಿನ ಕಾಂಕ್ರೀಟ್ ಬಚ್ಚಲಮನೆಗೆ ಗ್ಯಾಸ್ ಗೀಸರ್ ಬಂದಾಗ ಆ ಸಂದಿಗಳು ಇರಲಿಲ್ಲ. ಸ್ನಾನಕ್ಕೆ ಹೋದವರು ಪ್ರಜ್ಞೆ ತಪ್ಪಿ ಬಿದ್ದ, ಕೆಲವರು ಏಳದೇ ಹೋದ ವರದಿಗಳು ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿವೆ. ಊರಿಗೆ ಹೋದಾಗ ಗೀಸರ್ ಬಚ್ಚಲಿನ ಒಳಗಿದೆಯೋ ಹೊರಗಿದೆಯೋ ನೋಡಿ.

ಈಗ ಆಯ್ಕೆಯ ಮಾತು. ನನ್ನನ್ನು ಕೇಳಿದರೆ, ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದು, ಸುಟ್ಟ ಗಾಳಿಯನ್ನು ಹೊರಕ್ಕೇ ಬಿಡುವ ಫರ್ನೇಸ್ ಎಲ್ಲಕ್ಕಿಂತ ಮೇಲು. ಚಕ್ರದ ಮೇಲೆ ಎಳೆದೊಯ್ಯುವ ಇಂದಿನ ದೊಡ್ಡ ಗುಡಿಸಲುಗಳಲ್ಲಿ ಸಾಮಾನ್ಯವಾಗಿ ಇರುವುದು ಅದೇ. ಮಲಗುವುದಾದರೆ ಇದು ಇರುವ ಗುಡಿಸಲನ್ನೇ ಬಾಡಿಗೆಗೆ ಕೇಳಿ. ಅಲ್ಲೂ ಗೋಡೆಯ ಬುಡಕ್ಕೆ ಹಿಮ ರಾಶಿ ಹಾಕುವಾಗ ಅದರ ಹೊರಗಂಡಿ ಮುಚ್ಚದಂತೆ, ಜನರೇಟರ್ ಗುಡಿಸಲಿಗೆ ತಾಗಿ ನಿಲ್ಲದಂತೆ ನೋಡಬೇಕು. ಗಟ್ಟಿಯಾದ ಕೊಳವೆಯ ಸೌದೆ ಒಲೆ ಎರಡನೆಯದು, ಅದು ಒಳಗನ್ನು ಒಣಗಿಸಿಯೂ ಕೊಡುತ್ತದೆ. ಕೊಳವೆಯಿಲ್ಲದ ಹೀಟರ್ ಎಚ್ಚರವಿರುವವರಿಗೆ ಮಾತ್ರ, ಮೇಲೊಂದು ಕೆಳಗೊಂದು ಗಂಡಿ ತೆರೆದಿಟ್ಟು. ಇದ್ದಿಲಿನ ಗ್ರಿಲ್ ಒಳಗೆ ಬೇಡವೇ ಬೇಡ.

ಯಾವುದೇ ಇರಲಿ, ಬ್ಯಾಟರಿಯ ಅಲಾರಂ ಬೇಕು. ಅದರ ಎರಡು ಮಿತಿಗಳನ್ನೂ ಅರಿತಿರಿ. ಮನೆಬಳಕೆಯ ಅಲಾರಂ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 400 ಭಾಗ ವಿಷವಿದ್ದರೆ 4ರಿಂದ 15 ನಿಮಿಷದೊಳಗೆ ಕೂಗುತ್ತದೆ. 70 ಭಾಗವಿದ್ದರೆ ಒಂದರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಸಾಮಾನ್ಯವಾಗಿ ಅದನ್ನು ಪರೀಕ್ಷಿಸಿರುವುದು 4 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಉಷ್ಣತೆಗೆ, ಆದ್ದರಿಂದ ಹೆಪ್ಪುಗಟ್ಟಿದ ಗುಡಿಸಲಲ್ಲಿ ವಾರವಿಡೀ ನೇತುಬಿಡುವ ಬದಲು ಕೋಟಿನ ಜೇಬಿನಲ್ಲಿ ಬೆಚ್ಚಗೆ ಒಯ್ಯಿರಿ. ಕೋವಿಡ್ ಕಾಲದಲ್ಲಿ ಎಲ್ಲರೂ ಕೊಂಡ, ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ಸುಳ್ಳು ಹೇಳುತ್ತದೆ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವೂ ಅದರ ಕಣ್ಣಿಗೆ ಆಮ್ಲಜನಕ ತುಂಬಿದ ರಕ್ತದಂತೆಯೇ ಕೆಂಪು. ರೋಗಿ ಕುಸಿಯುತ್ತಿದ್ದರೂ ಅದು 98 ತೋರಿಸೀತು.

ತಲೆನೋವು ಒಬ್ಬರಿಗಲ್ಲದೆ ಇಬ್ಬರಿಗೆ ಒಟ್ಟಿಗೇ ಬಂದರೆ ಮೊದಲು ಎಲ್ಲರೂ ಹೊರಗೆ, ಆಮೇಲೆ 911. ಬರಿಯ ಗಾಳಿ ಸೇವಿಸಿದರೆ ರಕ್ತದಲ್ಲಿನ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಮುಖಕ್ಕೆ ಮಾಸ್ಕ್ ಕಟ್ಟಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ. ಅಧಿಕ ಒತ್ತಡದ ಆಮ್ಲಜನಕದ ಕೋಣೆಯಲ್ಲಿ ಅರ್ಧ ಗಂಟೆಗೂ ಕಡಿಮೆ. ಆ ಕೋಣೆಯ ಕಲ್ಪನೆಯ ಬೇರು ಹಾಲ್ಡೇನ್ 1895ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿದೆ. ಮಿನ್ನಿಯಾಪೊಲಿಸ್‌ನ ಹೆನೆಪಿನ್ ಕೌಂಟಿ ಆಸ್ಪತ್ರೆಯಲ್ಲಿ ಅಂಥ ಕೋಣೆಯಿದೆ. ಲೇಕ್ ಆಫ್ ದ ವುಡ್ಸ್‌ನಿಂದ ಅಲ್ಲಿಗೆ ರಸ್ತೆ ಚೆನ್ನಾಗಿದ್ದರೂ ನಾಲ್ಕೈದು ಗಂಟೆಯ ದಾರಿ.