ಪ್ರೊವಾನ್ಸ್: ಓದಿ ಕಂಡ ಬಿಸಿಲ ನಾಡು

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಇವೆರಡೂ ಬೇರೆ ಬೇರೆ ದಾರಿಗಳೆಂದು ತಿಳಿಯುವುದು ವಾಡಿಕೆ. ಆದರೆ ಕೋಶವನ್ನು ಓದುತ್ತಲೇ ದೇಶವನ್ನು ಸುತ್ತುವ ಮೂರನೆಯ ದಾರಿಯೊಂದುಂಟು. ಪ್ರಯಾಣದ ವೆಚ್ಚವನ್ನು ಭರಿಸಲಾರದವರೂ, ಕಚೇರಿಯಿಂದ ರಜೆ ದೊರೆಯದವರೂ ಸಂಜೆ ದೀಪದ ಮುಂದೆ ಕುಳಿತು ಈ ದಾರಿಯಲ್ಲಿ ಬಹು ದೂರ ಹೋಗಿ ಬಂದಿರುವರು. ಈ ದಿನ ನಾವು ಆ ದಾರಿಯನ್ನೇ ಹಿಡಿದು ಫ್ರಾನ್ಸ್ ದೇಶದ ಆಗ್ನೇಯ ಭಾಗದಲ್ಲಿರುವ ಪ್ರೊವಾನ್ಸ್ ಎಂಬ ನಾಡಿಗೆ ಹೋಗಿ ಬರೋಣ.

ಪಶ್ಚಿಮಕ್ಕೆ ರೋನ್ ನದಿ, ಪೂರ್ವಕ್ಕೆ ಆಲ್ಪ್ಸ್ ಪರ್ವತಗಳು, ದಕ್ಷಿಣಕ್ಕೆ ಮೆಡಿಟರೇನಿಯನ್ ಸಮುದ್ರ. ಇವುಗಳ ನಡುವಣ ನೆಲವೇ ಪ್ರೊವಾನ್ಸ್. ಕ್ರಿ. ಪೂ. 600ರ ಸುಮಾರಿಗೆ ಗ್ರೀಕರು ಇಲ್ಲಿಯ ಕರಾವಳಿಯಲ್ಲಿ ಮಾರ್ಸೇಲ್ಸ್ ಪಟ್ಟಣವನ್ನು ಕಟ್ಟಿದರು. ಕ್ರಿ. ಪೂ. ಎರಡನೆಯ ಶತಮಾನದಲ್ಲಿ ರೋಮನರು ಈ ಪ್ರದೇಶವನ್ನು ಗೆದ್ದು ಪ್ರಾಂತವೆಂಬ ಅರ್ಥದಲ್ಲಿ ‘ಪ್ರೊವಿಂಕಿಯ’ ಎಂದು ಕರೆದರು. ಈಗಿನ ಹೆಸರು ಅದರಿಂದಲೇ ಬಂದುದು. ಬಹುಕಾಲ ತನ್ನದೇ ಒಡೆಯರ ಕೈಯಲ್ಲಿದ್ದ ಈ ನಾಡು 1481ರಲ್ಲಿ ಕಡೆಯ ಒಡೆಯನು ತೀರಿಕೊಂಡ ಮೇಲೆ ಫ್ರಾನ್ಸಿನ ದೊರೆಯ ಪಾಲಾಯಿತು. ಆಲಿವ್ ತೋಪು, ದ್ರಾಕ್ಷಿಯ ತೋಟ, ಸುಣ್ಣಕಲ್ಲಿನ ಬೆಟ್ಟ, ಎಲ್ಲಕ್ಕೂ ಮಿಗಿಲಾಗಿ ಬಿಸಿಲು, ಇವೇ ಅದರ ಸಂಪತ್ತು. ಮಂಜಿನಲ್ಲಿಯೂ ಮಳೆಯಲ್ಲಿಯೂ ವರ್ಷದ ಬಹುಪಾಲನ್ನು ಕಳೆಯುವ ಉತ್ತರ ಯೂರೋಪಿನವರಿಗೆ ಆ ಬಿಸಿಲೆಂದರೆ ಪ್ರಾಣ. ಚೈತ್ರ ವೈಶಾಖಗಳಲ್ಲಿ ನೆರಳನ್ನು ಹುಡುಕುವ ನಮಗಾದರೋ ಬಿಸಿಲಿನ ಮೋಹ ಅಷ್ಟಾಗಿ ಇಲ್ಲ. ಆದುದರಿಂದಲೇ ಆ ನಾಡನ್ನು ಬಣ್ಣಿಸಿದ ಪುಸ್ತಕಗಳನ್ನೂ ಚಿತ್ರಗಳನ್ನೂ ನಾವು ಕಣ್ಣು ಕೋರೈಸದೆ ನೋಡಬಹುದಾಗಿದೆ.

ನಮ್ಮ ಮೊದಲ ಮಾರ್ಗದರ್ಶಿ ಇಟಲಿಯ ಕವಿ ಪೆಟ್ರಾರ್ಕ್. ಪೋಪರು ರೋಮನ್ನು ಬಿಟ್ಟು ಆವಿನ್ಯಾನಿನಲ್ಲಿ ನೆಲಸಿದ್ದ ಕಾಲವದು. ಆ ಪಟ್ಟಣದ ಸಮೀಪದಲ್ಲಿ ಬೆಳೆದ ಈತನು 1336ನೆಯ ಇಸವಿ ಏಪ್ರಿಲ್ 26ರಂದು ತಮ್ಮನೊಡನೆ ವಾಂತೂ ಪರ್ವತವನ್ನು ಹತ್ತಿದನೆಂದು ತನ್ನ ಒಂದು ಪ್ರಸಿದ್ಧ ಪತ್ರದಲ್ಲಿ ಹೇಳಿಕೊಂಡಿರುವನು. ಸುಮಾರು 1,900 ಮೀಟರ್ ಎತ್ತರದ ಆ ಬೋಳುಬೆಟ್ಟವನ್ನು ಹತ್ತುವ ಆಸೆ ಎಲ್ಲಿಂದ ಬಂತು? ಪುಸ್ತಕದಿಂದ. ಮ್ಯಾಸಿಡೋನಿಯದ ದೊರೆ ಫಿಲಿಪ್ಪನು ಹೀಮಸ್ ಪರ್ವತವನ್ನೇರಿದ ವೃತ್ತಾಂತವನ್ನು ಲಿವಿಯ ಇತಿಹಾಸದಲ್ಲಿ ಓದಿ ಈ ಬಯಕೆ ಬಲಿಯಿತೆಂದು ಆತನೇ ಬರೆದಿರುವನು. ಶಿಖರವನ್ನು ಮುಟ್ಟಿದ ಮೇಲೆ ಮಾಡಿದ್ದೇನು? ಜೇಬಿನಲ್ಲಿದ್ದ ಸಂತ ಅಗಸ್ಟೀನನ ಪುಸ್ತಕವನ್ನು ತೆರೆದು ಓದಿದ್ದು. ಆ ಪತ್ರದ ಈಗಿನ ರೂಪವೂ ಬಹುಶಃ ಎಷ್ಟೋ ವರ್ಷಗಳ ತರುವಾಯ ತಿದ್ದಿ ಬರೆದುದೆಂದು ವಿದ್ವಾಂಸರ ಅಭಿಪ್ರಾಯ. ಹೀಗೆ ಓದಿನಲ್ಲಿ ಮೊದಲಾದ ಯಾತ್ರೆ ಓದಿನಲ್ಲಿಯೇ ಮುಗಿಯಿತು.

ಅದೇ ಪತ್ರದಲ್ಲಿ ಇನ್ನೊಬ್ಬನೂ ಇದ್ದಾನೆ. ಬೆಟ್ಟದ ಬುಡದಲ್ಲಿ ಸಿಕ್ಕಿದ ಮುದಿ ಕುರುಬನವನು. ಐವತ್ತು ವರ್ಷಗಳ ಹಿಂದೆ ತಾನೂ ಈ ಬೆಟ್ಟವನ್ನು ಹತ್ತಿದ್ದೆನೆಂದೂ, ದಣಿವು ಮತ್ತು ಹರಿದ ಬಟ್ಟೆಗಳ ಹೊರತು ಬೇರೇನೂ ದೊರೆಯಲಿಲ್ಲವೆಂದೂ ಹೇಳಿ ಅವನು ಈ ತರುಣರನ್ನು ತಡೆಯಲು ನೋಡುತ್ತಾನೆ. ಕವಿಗಳು ಅವನ ಮಾತನ್ನು ಕೇಳಲಿಲ್ಲ. ಲೋಕವೂ ಅವನ ಹೆಸರನ್ನು ಕೇಳಲಿಲ್ಲ. ಪ್ರೊವಾನ್ಸನ್ನು ಪುಸ್ತಕಗಳಲ್ಲಿ ಕಾಣಹೊರಟ ನಾವು ಈ ಕುರುಬನನ್ನು ಮರೆಯಬಾರದು. ಹೊರಗಿನಿಂದ ಬಂದವನು ಬೆಟ್ಟದಲ್ಲಿ ತನ್ನ ಓದನ್ನು ಕಂಡನು. ಅಲ್ಲಿಯೇ ಇದ್ದವನು ಬೆಟ್ಟದ ಕಲ್ಲುಮುಳ್ಳುಗಳನ್ನು ಕಂಡನು. ಈ ಎರಡು ನೋಟಗಳೂ ಮುಂದಿನ ಐದು ಶತಮಾನಗಳ ಉದ್ದಕ್ಕೂ ನಮ್ಮ ಜೊತೆಯಲ್ಲಿ ನಡೆದು ಬರುತ್ತವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಓದುಗರಿಗೆ ಈ ನಾಡನ್ನು ಪರಿಚಯ ಮಾಡಿಕೊಟ್ಟವನು ಆಲ್ಫೋನ್ಸ್ ದೋದೆ. ಈತನ ‘ನನ್ನ ಗಿರಣಿಯ ಪತ್ರಗಳು’ ಎಂಬ ಕಥಾಸಂಗ್ರಹ 1869ರಲ್ಲಿ ಹೊರಬಂತು. ಫೊಂವಿಯೇಯ್ ಎಂಬ ಹಳ್ಳಿಯ ಪಾಳುಬಿದ್ದ ಗಾಳಿಗಿರಣಿಯೊಂದನ್ನು ತಾನು ಕೊಂಡುಕೊಂಡು ಅಲ್ಲಿಂದ ಈ ಪತ್ರಗಳನ್ನು ಬರೆಯುತ್ತಿರುವುದಾಗಿ ಲೇಖಕನು ನಟಿಸಿರುವನು. ನಿಜವಾಗಿ ಆತನು ಯಾವ ಗಿರಣಿಯನ್ನೂ ಕೊಳ್ಳಲಿಲ್ಲ. ಹಳ್ಳಿಗೆ ಬಂದಾಗ ಗೆಳೆಯರ ದೊಡ್ಡ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದನು. ಆದರೂ ಓದುಗರು ಗಿರಣಿಯನ್ನು ಹುಡುಕಿಕೊಂಡು ಬರುವುದು ನಿಲ್ಲಲಿಲ್ಲ. ಕಡೆಗೆ ಆ ಊರಿನ ಗುಡ್ಡದ ಮೇಲಿನ ಒಂದು ಗಿರಣಿ ದೋದೆಯ ಹೆಸರನ್ನೇ ಹೊತ್ತು ನಿಂತಿತು. ಪುಸ್ತಕದಲ್ಲಿ ಕಟ್ಟಿದುದು ನೆಲದ ಮೇಲೆ ಕಲ್ಲಾಗಿ ಎದ್ದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ.

ದೋದೆಯ ಕಥೆಗಳೆಲ್ಲ ಬರಿಯ ವಿನೋದವಲ್ಲ. ಅವುಗಳಲ್ಲೊಂದರ ನಾಯಕ ಕೊರ್ನೀಯ್ ಎಂಬ ಮುದುಕ. ಊರಿಗೆ ಹಬೆಯ ಗಿರಣಿ ಬಂದ ಬಳಿಕ ಗಾಳಿಗಿರಣಿಗಳು ಒಂದೊಂದಾಗಿ ನಿಂತುಹೋದರೂ ಈತನ ಗಿರಣಿಯ ರೆಕ್ಕೆಗಳು ಮಾತ್ರ ತಿರುಗುತ್ತಲೇ ಇರುತ್ತವೆ. ಗುಟ್ಟು ಬಯಲಾದಾಗ ನೋಡಿದರೆ, ಆತನು ದಿನವೂ ಕತ್ತೆಯ ಮೇಲೆ ಹೇರಿ ತರುತ್ತಿದ್ದ ಮೂಟೆಗಳಲ್ಲಿದ್ದುದು ಗೋಧಿಯಲ್ಲ, ಗೋಡೆಯ ಗಾರೆಯ ಪುಡಿ! ಗಿರಣಿಯ ಮಾನವನ್ನುಳಿಸಲು ಮುದುಕ ಹೂಡಿದ ಉಪಾಯವದು. ಯಂತ್ರಯುಗವು ಒಂದು ಹಳೆಯ ಕಸುಬನ್ನು ನುಂಗಿದ ಬಗೆಯನ್ನು ಇತಿಹಾಸದ ಗ್ರಂಥಗಳು ಅಂಕಿಗಳಲ್ಲಿ ಹೇಳಿದರೆ ಈ ಕಥೆ ಒಬ್ಬ ಮುದುಕನ ನಾಚಿಕೆಯಲ್ಲಿ ಹೇಳುತ್ತದೆ.

ದೋದೆಯ ಪುಸ್ತಕಗಳನ್ನು ಪ್ರೀತಿಯಿಂದ ಓದಿದವರಲ್ಲಿ ಡಚ್ ಚಿತ್ರಕಾರ ವಿನ್ಸೆಂಟ್ ವಾನ್ ಗಾಗ್ ಒಬ್ಬನು. 1888ರ ಫೆಬ್ರುವರಿ 20ರಂದು ಆತನು ಪ್ಯಾರಿಸ್ಸಿನಿಂದ ಆರ್ಲ್ ಪಟ್ಟಣಕ್ಕೆ ಬಂದನು. ಬಿಸಿಲನ್ನರಸಿ ಬಂದವನನ್ನು ಎದುರುಗೊಂಡುದು ಹಿಮ! ಅದರಿಂದ ಆತನು ಎದೆಗುಂದಲಿಲ್ಲ. ಏಕೆಂದರೆ ಆತನು ಅರಸಿ ಬಂದಿದ್ದುದು ಪ್ರೊವಾನ್ಸನ್ನು ಮಾತ್ರವೇ ಅಲ್ಲ, ಜಪಾನನ್ನು. ಜಪಾನಿನ ಮರದ ಅಚ್ಚಿನ ಚಿತ್ರಗಳನ್ನು ನೂರಾರು ಸಂಗ್ರಹಿಸಿದ್ದ ಆತನು ಆ ದೇಶವನ್ನು ಒಮ್ಮೆಯೂ ಕಂಡವನಲ್ಲ. ಆ ಚಿತ್ರಗಳ ನಿಚ್ಚಳವಾದ ಬೆಳಕು ದಕ್ಷಿಣ ಫ್ರಾನ್ಸಿನಲ್ಲಿ ದೊರೆಯುವುದೆಂದು ನಂಬಿದ್ದನು. ಆರ್ಲ್ ಪಟ್ಟಣದ ಹಿಮದಲ್ಲಿಯೂ ಜಪಾನೀ ಚಿತ್ರವನ್ನೇ ಕಂಡನು. ಸುಮಾರು 15 ತಿಂಗಳಲ್ಲಿ ಅಲ್ಲಿ ಸುಮಾರು 200 ವರ್ಣಚಿತ್ರಗಳನ್ನು ಬರೆದನು. ಸೂರ್ಯಕಾಂತಿ ಹೂಗಳು, ಹಳದಿ ಮನೆ, ಸುಗ್ಗಿಯ ಹೊಲಗಳು, ಇವನ್ನು ಅಚ್ಚಿನ ಪ್ರತಿಗಳಲ್ಲಾದರೂ ನೋಡದವರು ಇಂದು ವಿರಳ. ಆದರೆ ಆ ವರ್ಷದ ಡಿಸೆಂಬರಿನಲ್ಲಿ ಆತನ ಬುದ್ಧಿ ಕದಡಿತು. ಮರು ವರ್ಷ ನೆರೆಹೊರೆಯವರು ಆತನನ್ನು ಬಂಧನದಲ್ಲಿಡಬೇಕೆಂದು ಅರ್ಜಿ ಬರೆದು ಸಹಿ ಹಾಕಿದರು. ಮೇ ತಿಂಗಳಲ್ಲಿ ಆತನು ತಾನಾಗಿಯೇ ಸಾಂ ರೆಮಿಯ ಚಿಕಿತ್ಸಾಲಯವನ್ನು ಸೇರಿದನು. ಹಳದಿ ಮನೆ 1944ರಲ್ಲಿ ಬಾಂಬಿನ ದಾಳಿಗೆ ಸಿಕ್ಕಿ ಹಾಳಾಯಿತು. ಈಗ ಅದನ್ನು ನೋಡಬೇಕಾದರೆ ಚಿತ್ರವೊಂದೇ ಗತಿ.

ಈ ಚಿತ್ರಗಳಲ್ಲಿ ಬಿಸಿಲಿನೊಡನೆ ಕಾಣದ ಒಂದು ಶಕ್ತಿಯೂ ಇದೆ. ಉತ್ತರದಿಂದ ರೋನ್ ಕಣಿವೆಯ ಮೂಲಕ ನುಗ್ಗಿ ಬರುವ ಶೀತಗಾಳಿ ಅದು. ಹೆಸರು ಮಿಸ್ತ್ರಾಲ್, ಎಂದರೆ ಒಡೆಯ. ಅದು ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬೀಸುವುದುಂಟು. ವಾನ್ ಗಾಗ್ ಚಿತ್ರದ ಮುಕ್ಕಾಲಿಯನ್ನು ಗೂಟ ಹೊಡೆದು ಹಗ್ಗದಿಂದ ಬಿಗಿದು ಕೆಲಸ ಮಾಡಬೇಕಾಗಿತ್ತು. ಚಿತ್ರಗಳಲ್ಲಿ ನಮ್ಮ ಮನಸ್ಸನ್ನು ಸೆಳೆಯುವ ಸೈಪ್ರೆಸ್ ಮರಗಳ ಸಾಲನ್ನು ರೈತರು ನೆಟ್ಟುದು ಚೆಲುವಿಗಾಗಿ ಅಲ್ಲ, ಪೈರನ್ನು ಈ ಗಾಳಿಯಿಂದ ಕಾಪಾಡುವುದಕ್ಕಾಗಿ. ಹಳೆಯ ತೋಟದ ಮನೆಗಳ ಉತ್ತರದ ಗೋಡೆಗೆ ಕಿಟಕಿಗಳೇ ಇಲ್ಲದಂತೆ ಕಟ್ಟುತ್ತಿದ್ದುದೂ ಇದಕ್ಕಾಗಿಯೇ. ಹೊರಗಿನವನು ಅಂದವೆಂದು ಕಂಡುದನ್ನು ಒಳಗಿನವನು ಅಗತ್ಯವೆಂದು ಮಾಡಿದ್ದನು.

ಬಿಸಿಲ ನಾಡಿನ ಕಷ್ಟಗಳಿಗೆ ಸಾಕ್ಷಿಯಾದ ಇನ್ನೊಬ್ಬ ಲೇಖಕ ಕೀಟಶಾಸ್ತ್ರಜ್ಞ ಝಾನ್ ಆನ್ರಿ ಫಾಬ್ರ್. ಕೀಟಗಳ ಬಾಳನ್ನು ಕುರಿತು ಆತನು ಬರೆದ 10 ಸಂಪುಟಗಳು 1879ರಿಂದ 1907ರವರೆಗೆ ಹೊರಬಂದವು. ಬೇಸಗೆಯಲ್ಲಿ ಮರದ ಮೇಲೆ ಕಿರಿಗುಟ್ಟುವ ಜೀರುಂಡೆಗೆ ಕಿವಿ ಕೇಳುವುದೋ ಇಲ್ಲವೋ ಎಂದು ಪರೀಕ್ಷಿಸಲು ಆತನು ಊರಹಬ್ಬದ ಫಿರಂಗಿಯನ್ನು ತರಿಸಿ ಮರದಡಿಯಲ್ಲಿ ಹಾರಿಸಿದ ಪ್ರಸಂಗ ಬಹು ರಂಜಕವಾದುದು. ಜೀರುಂಡೆಗಳು ಹಾಡನ್ನು ನಿಲ್ಲಿಸಲಿಲ್ಲ. ಆದರೆ ಈ ನಗುಮುಖದ ಹಿಂದೆ ಬಡತನವಿತ್ತು. ನಮ್ಮ ಮಂಜಿಷ್ಠದ ಜಾತಿಗೆ ಸೇರಿದ ಗಿಡವೊಂದರ ಬೇರಿನಿಂದ ಕೆಂಪು ಬಣ್ಣ ತೆಗೆಯುವುದು ಆವಿನ್ಯಾನ್ ಸೀಮೆಯ ದೊಡ್ಡ ಉದ್ಯಮವಾಗಿದ್ದಿತು. ಫಾಬ್ರ್ ವರ್ಷಗಟ್ಟಲೆ ದುಡಿದು ಆ ಬಣ್ಣವನ್ನು ಶುದ್ಧಗೊಳಿಸುವ ವಿಧಾನವನ್ನು ಕಂಡುಹಿಡಿದನು. ಅಷ್ಟರಲ್ಲಿ, 1868ರಲ್ಲಿ, ಜರ್ಮನ್ ರಸಾಯನಶಾಸ್ತ್ರಜ್ಞರು ಅದೇ ಬಣ್ಣವನ್ನು ಕೃತಕವಾಗಿ ತಯಾರಿಸಿದರು. ಆತನ ಆಸೆಯೂ ರೈತರ ಬೆಳೆಯೂ ಒಟ್ಟಿಗೆ ಮಣ್ಣುಗೂಡಿದವು. ಮೂವತ್ತು ವರ್ಷಗಳ ತರುವಾಯ ನಮ್ಮ ಬಿಹಾರದ ನೀಲಿಗೂ ಇದೇ ಗತಿ ಬಂತಷ್ಟೆ.

ಅದೇ ಕಾಲದಲ್ಲಿ ದಕ್ಷಿಣ ಫ್ರಾನ್ಸಿನ ರೇಷ್ಮೆಹುಳುಗಳಿಗೆ ಗಂಟುರೋಗ ತಗುಲಿ ಸಾವಿರಾರು ಸಂಸಾರಗಳು ಕಂಗೆಟ್ಟಿದ್ದವು. ಅದನ್ನು ಪರಿಶೀಲಿಸಲು 1865ರಲ್ಲಿ ಬಂದ ಲೂಯಿ ಪಾಶ್ಚರನು ಫಾಬ್ರನ ಮನೆಗೆ ಹೋದನು. ರೇಷ್ಮೆಗೂಡೊಂದನ್ನು ಕಿವಿಯ ಬಳಿ ಅಲುಗಿಸಿ, ಒಳಗೇನೋ ಇದೆಯಲ್ಲ ಎಂದು ಬೆರಗಾದನಂತೆ! ಇಷ್ಟೂ ತಿಳಿಯದೆ ಬಂದವನು ಕೆಲವೇ ವರ್ಷಗಳಲ್ಲಿ ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಗಳನ್ನು ಆರಿಸುವ ವಿಧಾನವನ್ನು ಕಂಡುಕೊಟ್ಟನು. ಮೈಸೂರು ಸೀಮೆಯ ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ತಾಯಿಚಿಟ್ಟೆಯ ಪರೀಕ್ಷೆಯನ್ನು ಕಂಡವರಿಗೆ ಆ ದೂರದ ನಾಡಿನ ಕಷ್ಟ ನಮಗೂ ಪಾಠವಾಯಿತೆಂಬುದು ಮನದಟ್ಟಾಗುವುದು.

ಚಿತ್ರಕಾರರಲ್ಲಿ ಈ ಮಣ್ಣಿನಲ್ಲಿಯೇ ಹುಟ್ಟಿದವನು ಪಾಲ್ ಸೆಜಾನ್. ಎಕ್ಸ್ ಪಟ್ಟಣದಲ್ಲಿ 1839ರಲ್ಲಿ ಜನಿಸಿ, ಪ್ಯಾರಿಸ್ಸಿನಲ್ಲಿ ಹಾಸ್ಯಕ್ಕೆ ಗುರಿಯಾಗಿ, ಊರಿಗೆ ಮರಳಿ ಸಾಂತ್ ವಿಕ್ತ್ವಾರ್ ಎಂಬ ಒಂದೇ ಬೆಟ್ಟವನ್ನು ಹತ್ತಾರು ಬಾರಿ ಬರೆದನು. ಒಂದು ಚಿತ್ರವಿದ್ದಂತೆ ಮತ್ತೊಂದಿಲ್ಲ. 1906ರ ಅಕ್ಟೋಬರಿನಲ್ಲಿ ಬಯಲಿನಲ್ಲಿ ಚಿತ್ರ ಬರೆಯುತ್ತಿದ್ದಾಗ ಬಿರುಮಳೆಗೆ ಸಿಕ್ಕಿ ಕುಸಿದುಬಿದ್ದು ಕೆಲವೇ ದಿನಗಳಲ್ಲಿ ತೀರಿಕೊಂಡನು.

ಬೆಟ್ಟದ ಬುಡದ ಕುರುಬನಿಗೆ ಬಾಯಿ ಬಂದುದು ಮಾತ್ರ ಫ್ರೆಡೆರಿಕ್ ಮಿಸ್ತ್ರಾಲನ ಕಾವ್ಯದಲ್ಲಿ. ಗಾಳಿಯ ಹೆಸರನ್ನೇ ಹೊತ್ತ ಈ ಕವಿ ಮಾಯಾನ್ ಎಂಬ ಹಳ್ಳಿಯ ರೈತನ ಮಗ. 1539ರ ರಾಜಾಜ್ಞೆಯಂತೆ ನ್ಯಾಯಾಲಯದ ಪತ್ರಗಳೆಲ್ಲ ಫ್ರೆಂಚಿನಲ್ಲಿರಬೇಕಾಗಿ ಪ್ರೊವಾನ್ಸಿನ ಸ್ವಂತ ಭಾಷೆ ಅಡುಗೆಮನೆಗೂ ಹೊಲಕ್ಕೂ ಇಳಿದಿತ್ತು. 1854ರಲ್ಲಿ ಮಿಸ್ತ್ರಾಲನೂ ಆರು ಮಂದಿ ಗೆಳೆಯರೂ ಅದನ್ನು ಮತ್ತೆ ಎತ್ತಿಹಿಡಿಯಲು ‘ಫೆಲಿಬ್ರಿಜ್’ ಎಂಬ ಕೂಟವನ್ನು ಕಟ್ಟಿದರು. 1859ರಲ್ಲಿ ಆತನ ‘ಮಿರೇಯೊ’ ಎಂಬ ಮಹಾಕಾವ್ಯ ಪ್ರಕಟವಾಯಿತು. ಸಿರಿವಂತ ರೈತನ ಮಗಳು ಬಡ ಬುಟ್ಟಿ ಹೆಣೆಯುವವನನ್ನು ಪ್ರೀತಿಸಿ, ತಂದೆತಾಯಿಗಳು ಒಪ್ಪದಿರಲು, ಸಂತರ ಮೊರೆ ಹೊಗಲು ಕಲ್ಲುಬಯಲನ್ನು ಒಬ್ಬಳೇ ದಾಟುತ್ತಾಳೆ. ದಾರಿಯಲ್ಲಿ ಬಿಸಿಲಿನ ಹೊಡೆತಕ್ಕೆ ಸಿಕ್ಕಿ ಕಡೆಗೆ ಸಾಯುತ್ತಾಳೆ. ಹೊರಗಿನವರಿಗೆ ಅಮೃತವಾದ ಬಿಸಿಲು ಒಳಗಿನವನ ಕಾವ್ಯದಲ್ಲಿ ಕೊಲ್ಲುತ್ತದೆ! ಗೂನೋ ಎಂಬ ಸಂಗೀತಗಾರನು 1864ರಲ್ಲಿ ಈ ಕಥೆಯನ್ನು ಪ್ಯಾರಿಸ್ಸಿನ ರಂಗಭೂಮಿಗೆ ತಂದನು. ಅದೇ ವರ್ಷದ ಕೊನೆಯಲ್ಲಿ ತಿದ್ದಿ ಆಡಿದಾಗ ಕಥೆ ಸುಖಾಂತವಾಯಿತು. ರಾಜಧಾನಿಯ ಪ್ರೇಕ್ಷಕರಿಗೆ ಕೊಲ್ಲುವ ಬಿಸಿಲು ಬೇಕಾಗಿರಲಿಲ್ಲ.

ಮಿಸ್ತ್ರಾಲನಿಗೆ 1904ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆ ಹಣವನ್ನು ಆತನು ತಾನು ಆರ್ಲ್ ಪಟ್ಟಣದಲ್ಲಿ ಸ್ಥಾಪಿಸಿದ್ದ ಜನಜೀವನದ ವಸ್ತುಸಂಗ್ರಹಾಲಯಕ್ಕೆ ವಿನಿಯೋಗಿಸಿದನು. ರೈತರ ಉಡುಪು, ತೊಟ್ಟಿಲು, ನೇಗಿಲು, ಇವೆಲ್ಲ ಅಲ್ಲಿ ಜೋಪಾನವಾದವು. ಆದರೆ ಅದೇ ಕಾಲದಲ್ಲಿ ಶಾಲೆಗಳಲ್ಲಿ ಮನೆಮಾತನ್ನಾಡಿದ ಮಕ್ಕಳಿಗೆ ಅವಮಾನದ ಗುರುತನ್ನು ಕೊಟ್ಟು ಶಿಕ್ಷಿಸುತ್ತಿದ್ದರು. 1951ರ ಶಾಸನವು ಆ ಭಾಷೆಗೆ ಶಾಲೆಯಲ್ಲಿ ಕಿರಿದಾದ ಬಾಗಿಲೊಂದನ್ನು ತೆರೆಯುವ ಹೊತ್ತಿಗೆ ತಾಯಂದಿರು ಅದನ್ನು ಮಕ್ಕಳೊಡನೆ ಆಡುವುದನ್ನೇ ಬಹುಮಟ್ಟಿಗೆ ಬಿಟ್ಟಿದ್ದರು. ಯುನೆಸ್ಕೋ ಸಂಸ್ಥೆಯ ಪಟ್ಟಿಯಲ್ಲಿ ಪ್ರೊವಾನ್ಸಾಲ್ ತೀವ್ರ ಅಪಾಯಕ್ಕೆ ಸಿಕ್ಕಿದ ನುಡಿಗಳಲ್ಲೊಂದು. ಬಿಸಿಲನ್ನು ಮೆಚ್ಚಿದ ಲೋಕ ಆ ಬಿಸಿಲಿನಡಿಯಲ್ಲಿ ಆಡುತ್ತಿದ್ದ ಮಾತನ್ನು ಉಳಿಸಿಕೊಡಲಿಲ್ಲ.

ಓದಿದವರು ನೋಡಲು ಬರುವುದು ಇಂದಿಗೂ ನಿಂತಿಲ್ಲ. 1989ರಲ್ಲಿ ಇಂಗ್ಲಿಷ್ ಲೇಖಕ ಪೀಟರ್ ಮೇಲ್ ತನ್ನ ಪ್ರೊವಾನ್ಸ್ ವಾಸದ ಮೊದಲ ವರ್ಷವನ್ನು ಕುರಿತು ಬರೆದ ಪುಸ್ತಕ ಎಷ್ಟು ಜನಪ್ರಿಯವಾಯಿತೆಂದರೆ, ಓದುಗರು ಆತನ ಮನೆಯ ಬಾಗಿಲಿಗೇ ಬರತೊಡಗಿದರು. ಕುಳಿತಲ್ಲಿಯೇ ಯಾತ್ರೆ ಮಾಡುವ ನಮ್ಮಂಥವರಿಂದ ಯಾರಿಗೂ ಈ ತೊಂದರೆಯಿಲ್ಲ. ಆದರೆ ನಮಗೂ ಒಂದು ಹೊಣೆಯುಂಟು. ಪೆಟ್ರಾರ್ಕನೂ ವಾನ್ ಗಾಗನೂ ನಮ್ಮಂತೆಯೇ ಓದಿನ ಬಲದಿಂದ, ಚಿತ್ರಗಳ ಬಲದಿಂದ ಆ ನಾಡನ್ನು ಕಂಡವರು; ಅವರ ಕಾಣ್ಕೆ ಸುಳ್ಳಲ್ಲ, ಅರ್ಧ ಮಾತ್ರ. ಉಳಿದರ್ಧ ದೊರೆಯಬೇಕಾದರೆ ಮಿಸ್ತ್ರಾಲನನ್ನು ಅನುವಾದದಲ್ಲಿಯಾದರೂ ಓದಬೇಕು, ಫಾಬ್ರನ ಹೊಲದಲ್ಲಿ ನಿಲ್ಲಬೇಕು, ಸೈಪ್ರೆಸ್ ಸಾಲಿನ ಹಿಂದಿನ ಗಾಳಿಯ ಸದ್ದನ್ನು ಆಲಿಸಬೇಕು. ಹಾಗೆ ಓದಿದವನು ಮನೆಯನ್ನು ಬಿಟ್ಟು ಕದಲದಿದ್ದರೂ ದೇಶ ಸುತ್ತಿದವನೇ ಸರಿ.