ಹಿತ್ತಲ ಗಿಡ ಮದ್ದಾದ ಬಗೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕೈಗೆಟಕುವ ವಸ್ತುವಿನ ಗುಣ ಕಣ್ಣಿಗೆ ಬೀಳುವುದಿಲ್ಲವೆಂಬುದು ಅದರ ಇಂಗಿತ. ಈ ಮಾತಿಗೆ ಬೇವಿನ ಮರಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ಯುಗಾದಿಯ ದಿನ ಅದರ ಹೂವನ್ನು ಬೆಲ್ಲದೊಡನೆ ಮೆಲ್ಲುತ್ತೇವೆ; ಅಮ್ಮನ ಜಾತ್ರೆಗೆ ಅದರ ಸೊಪ್ಪನ್ನು ಕಟ್ಟುತ್ತೇವೆ. ಆದರೆ ಹಿತ್ತಲ ಬದನೆಗೋ ಬೆಂಡೆಗೋ ಹುಳು ಬಿದ್ದಿತೆಂದರೆ ಅಂಗಡಿಯ ವಿಷದ ಡಬ್ಬಿಗೆ ಕೈ ಚಾಚುತ್ತೇವೆ. ಆ ಕಾಯಿ ನಾಳೆ ನಮ್ಮ ಮಕ್ಕಳ ಎಲೆಗೇ ಬರತಕ್ಕದ್ದು ಎಂಬುದನ್ನು ನೆನೆದರೆ, ಬೇವಿನ ಕಥೆಯನ್ನು ಒಮ್ಮೆ ಕೇಳಬೇಕೆನಿಸುತ್ತದೆ.

ನಮ್ಮ ಪೂರ್ವಿಕರಿಗೆ ಗಿಡಗಳ ರೋಗವೂ ಒಂದು ಶಾಸ್ತ್ರದ ವಿಷಯವಾಗಿದ್ದಿತು. ಆರನೆಯ ಶತಮಾನದ ವರಾಹಮಿಹಿರನು ತನ್ನ ‘ಬೃಹತ್ಸಂಹಿತೆ’ಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಮನೆಯ ಬಳಿ ಮೊದಲು ನೆಡಬೇಕಾದ ಮಂಗಳಕರ ಮರಗಳಲ್ಲಿ ಅವನು ಹೇಳುವ ‘ಅರಿಷ್ಟ’ವನ್ನು ಬೇವೆಂದೇ ಅರ್ಥ ಮಾಡುವುದು ವಾಡಿಕೆ. ರೋಗ ಹಿಡಿದ ಭಾಗವನ್ನು ಕತ್ತರಿಸಿ, ವಾಯುವಿಳಂಗ, ತುಪ್ಪ, ಕೆಸರುಗಳನ್ನು ಕಲಸಿ ಬಳಿಯಬೇಕೆಂದು ಅವನ ಚಿಕಿತ್ಸೆ. ನಮ್ಮ ಕನ್ನಡವೂ ಹಿಂದುಳಿಯಲಿಲ್ಲ. ಕ್ರಿ.ಶ. 1025ರ ಸುಮಾರಿಗೆ ಚಾಲುಕ್ಯ ಜಯಸಿಂಹನ ಕಾಲದಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದವೂ ಒಂದು ವಿಷಯ. ಇನ್ನು ಗ್ರಂಥವನ್ನು ಓದದ ಗೃಹಿಣಿಯರು ಕಣಜದ ಕಾಳಿನ ನಡುವೆ ಒಣಗಿದ ಬೇವಿನೆಲೆ ಇಟ್ಟರು. ಅವರೆಯ ಚಪ್ಪರದ ಮೇಲೆ ಒಲೆಯ ಬೂದಿ ಎರಚಿದರು.

ಈ ತಿಳಿವಿಗೆ ಮಂಕು ಕವಿದದ್ದು ಇಪ್ಪತ್ತನೆಯ ಶತಮಾನದಲ್ಲಿ. 1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಎಂಬಾತನು ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದನು; 1948ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದಿತು. ಮಲೇರಿಯಾವನ್ನು ಹತ್ತಿಕ್ಕುವುದರಲ್ಲಿ ಅದು ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಹೊಲದ ಮೇಲೆ ಸುರಿದ ವಿಷ ಮಣ್ಣಿನಲ್ಲಿ ಕರಗದೆ ಉಳಿದು, ಹಕ್ಕಿಯ ಮೊಟ್ಟೆಗೂ ತಾಯಿಯ ಹಾಲಿಗೂ ಸೇರಿತು. 1962ರಲ್ಲಿ ಅಮೆರಿಕದ ರೇಚಲ್ ಕಾರ್ಸನ್ ಎಂಬಾಕೆ ‘ಸೈಲೆಂಟ್ ಸ್ಪ್ರಿಂಗ್’ ಎಂಬ ಗ್ರಂಥದಲ್ಲಿ ಇದನ್ನು ಲೋಕಕ್ಕೆ ಸಾರಿದಳು. ಬೇಸಾಯದಲ್ಲಿ ಡಿ.ಡಿ.ಟಿ.ಯ ಬಳಕೆಯನ್ನು ಭಾರತ 1989ರಲ್ಲಿ ನಿಷೇಧಿಸಿತು.

ಇತ್ತ ಬೇವು ತನ್ನ ಗುಣವನ್ನು ತಾನೇ ತೋರಿಸಿಕೊಂಡಿತು. 1959ರಲ್ಲಿ ಸುಡಾನ್ ದೇಶಕ್ಕೆ ಮಿಡತೆಯ ದಂಡು ಬಂದೆರಗಿ ಹಸಿರನ್ನೆಲ್ಲ ತಿಂದು ಹಾಕಿದಾಗ, ಬೇವಿನ ಮರಗಳು ಮಾತ್ರ ಹಸಿರಾಗಿಯೇ ನಿಂತುದನ್ನು ಜರ್ಮನಿಯ ಕೀಟಶಾಸ್ತ್ರಜ್ಞ ಹೈನ್ರಿಖ್ ಶ್ಮುಟರರ್ ಗಮನಿಸಿದನು. 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ತಿರುಳನ್ನು ನೀರಿನಲ್ಲಿ ಕಲಸಿ ಪೈರಿಗೆ ಸಿಂಪಡಿಸಿದರೆ ಮಿಡತೆ ಅದನ್ನು ಮುಟ್ಟುವುದಿಲ್ಲವೆಂದು ತೋರಿಸಿದರು. ಆ ತಿರುಳಿನ ಸಾರವಾದ ಅಜಾಡಿರ್ಯಾಕ್ಟಿನ್ನನ್ನು 1968ರಲ್ಲಿ ಇಂಗ್ಲೆಂಡಿನಲ್ಲಿ ಬೇರ್ಪಡಿಸಲಾಯಿತು. ಇದು ಕಂಡ ಕೂಡಲೆ ಕೊಲ್ಲುವ ವಿಷವಲ್ಲ. ಹುಳುವಿಗೆ ಎಲೆ ರುಚಿಸದಂತೆ ಮಾಡಿ, ಪೊರೆ ಕಳಚಿ ಬೆಳೆಯುವ ಕ್ರಮವನ್ನೇ ಕೆಡಿಸುತ್ತದೆ.

ಗುಣ ಗೊತ್ತಾದೊಡನೆ ಹಕ್ಕಿನ ಜಗಳ ಹುಟ್ಟಿತು. ಬೇವಿನೆಣ್ಣೆಯಿಂದ ಗಿಡಗಳ ಬೂಷ್ಟನ್ನು ತಡೆಯುವ ವಿಧಾನಕ್ಕೆ ಅಮೆರಿಕದ ಡಬ್ಲ್ಯೂ.ಆರ್. ಗ್ರೇಸ್ ಕಂಪೆನಿಗೂ ಅಲ್ಲಿನ ಕೃಷಿ ಇಲಾಖೆಗೂ 1994ರಲ್ಲಿ ಯೂರೋಪಿನ ಪೇಟೆಂಟು ದೊರೆಯಿತು. ಇದು ಭಾರತದಲ್ಲಿ ಮೊದಲೇ ಬಳಕೆಯಲ್ಲಿದ್ದ ವಿದ್ಯೆಯೆಂದು ವಂದನಾ ಶಿವ ಮೊದಲಾದವರು ಆಕ್ಷೇಪಿಸಿ ಸಾಕ್ಷ್ಯ ಒದಗಿಸಿದರು. 2000ದಲ್ಲಿ ಪೇಟೆಂಟು ರದ್ದಾಯಿತು. 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಬಲ್ಲವರು ತಮ್ಮ ತಿಳಿವಿಗೆ ಸಾಕ್ಷಿ ಹೇಳದಿದ್ದರೆ ಅದು ಪರರ ಸೊತ್ತಾಗಲು ತಡವಾಗದೆಂಬ ಪಾಠ ಇಲ್ಲಿದೆ.

ಈಗ ನಿಮ್ಮ ಹಿತ್ತಲಿಗೆ ಬನ್ನಿ. ಉದುರಿದ ಬೇವಿನ ಹಣ್ಣನ್ನು ಆಯ್ದು, ಬೀಜ ತೊಳೆದು, ನೆರಳಿನಲ್ಲಿ ಒಣಗಿಸಿಡಿ. 50 ಗ್ರಾಂ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, 1 ಲೀಟರು ನೀರಿನಲ್ಲಿ ರಾತ್ರಿ ನೆನೆಯಿಡಿ. ಮರುದಿನ ಹಿಂಡಿ ಸೋಸಿ, ಚೂರು ಸಾಬೂನು ಕದಡಿ, ಎಲೆಯ ಎರಡು ಮಗ್ಗುಲಿಗೂ ಸಿಂಪಡಿಸಿ. ಬಿಸಿಲಿಗೆ ಇದರ ಸತ್ತ್ವ ಬೇಗ ಕೆಡುವುದರಿಂದ ಸಂಜೆಯೇ ಲೇಸು, ಮಿಕ್ಕದ್ದನ್ನು ಕೂಡಿಡಬೇಡಿ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಹುಳು ಆ ಕ್ಷಣವೇ ಸಾಯಲಿಲ್ಲವೆಂದು ಬೇಸರಪಡದೆ, ವಾರಕ್ಕೊಮ್ಮೆ ಮತ್ತೆ ಸಿಂಪಡಿಸಿ. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಗುಲಗಂಜಿ ಹುಳು ಕಂಡರೆ ಅದನ್ನು ಓಡಿಸಬೇಡಿ. ಸಸ್ಯಹೇನುಗಳನ್ನು ತಿನ್ನುವ ಅದು ನಿಮ್ಮ ಕೂಲಿಯಿಲ್ಲದ ಆಳು.

ಹಳೆಯದೆಲ್ಲ ಹೊನ್ನಲ್ಲ, ನಿಜ. ಆದರೆ ಒರೆಗೆ ಹಚ್ಚಿ ನೋಡಿದ ಮೇಲೂ ಹೊನ್ನೆಂದು ತಿಳಿದದ್ದನ್ನು ಹಿತ್ತಲಿನದೆಂಬ ಕಾರಣಕ್ಕೆ ಬಿಡುವುದು ಜಾಣತನವೇ?